ಸಿಎಂಡಿ, ಪವರ್‌ಶೆಲ್, ಬ್ಯಾಷ್, ಝೆಡ್‌ಶೆಲ್: ನಿಮ್ಮ ಕೆಲಸಕ್ಕೆ ಯಾವ ಕಪ್ಪು ಪರದೆ?

ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಟರ್ಮಿನಲ್' ಅಂತ ಒಂದು ಹೆಸರು ಕಾಣುತ್ತದೆ. ಸರ್ಚ್‌ನಲ್ಲಿ ಹುಡುಕಿದರೆ 'ಕಮಾಂಡ್ ಪ್ರಾಂಪ್ಟ್' (ಇದೇ ಸಿಎಂಡಿ) ಬರುತ್ತದೆ, 'ವಿಂಡೋಸ್ ಪವರ್‌ಶೆಲ್' ಬರುತ್ತದೆ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಇನ್‌ಸ್ಟಾಲ್ ಮಾಡಿದ್ದರೆ 'ಗಿಟ್ ಬ್ಯಾಷ್' ಕೂಡ ಅಲ್ಲೇ ಇರುತ್ತದೆ. ನೋಡೋಕೆ ಎಲ್ಲವೂ ಒಂದೇ ಥರ. ಕಪ್ಪು ಅಥವಾ ನೀಲಿ ಹಿನ್ನೆಲೆ, ಮಿನುಗುವ ಕರ್ಸರ್. ಆದರೆ ಒಂದರಲ್ಲಿ ನಡೆಯುವ ಕಮಾಂಡ್ ಇನ್ನೊಂದರಲ್ಲಿ ನಡೆಯದೇ ಹೋಗಬಹುದು. 'ಸರಿಯಾಗೇ ಟೈಪ್ ಮಾಡಿದೆ, ಆದ್ರೂ ಎರರ್ ಬರ್ತಿದೆ' ಅನ್ನುವವರಲ್ಲಿ ಎಷ್ಟೋ ಜನರ ಕಮಾಂಡ್ ಸರಿಯಾಗಿಯೇ ಇರುತ್ತದೆ. ಕೊಟ್ಟ ಜಾಗ ಮಾತ್ರ ಬೇರೆ.

ಇವುಗಳಲ್ಲಿ ಯಾವುದು ಒಳ್ಳೆಯದು ಅನ್ನುವ ಜಗಳ ಮುಗಿಯುವುದಿಲ್ಲ. ಆ ಜಗಳ ಬಿಟ್ಟು ಬೇರೆ ಪ್ರಶ್ನೆ ಕೇಳಿಕೊಳ್ಳಿ. ನೀವು ಕಲಿಯುತ್ತಿರುವ ಪಾಠ, ನಿಮ್ಮ ಜೊತೆ ಕೆಲಸ ಮಾಡುವವರು, ನಿಮ್ಮ ಪ್ರೋಗ್ರಾಂ ಕೊನೆಗೆ ಓಡುವ ಸರ್ವರ್, ಇವೆಲ್ಲ ಯಾವ ಶೆಲ್, ಅಂದರೆ ಕಮಾಂಡ್ ಓದಿ ಕೆಲಸ ಮಾಡಿಸುವ ಯಾವ ಪ್ರೋಗ್ರಾಂ, ಬಳಸುತ್ತವೆ? ಹೊಸಬರು ಅದನ್ನೇ ಹಿಡಿದುಕೊಳ್ಳುವುದು ಒಳ್ಳೆಯದು. ಯಾವುದಕ್ಕೆ ಜಾಸ್ತಿ ಶಕ್ತಿ ಅನ್ನುವುದನ್ನು ಆಮೇಲೆ ನೋಡಿದರಾಯಿತು.

ಇಲ್ಲಿ ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ವಿಂಡೋ ಬೇರೆ, ಶೆಲ್ ಬೇರೆ

ಇದೊಂದು ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಟರ್ಮಿನಲ್ ಅಂದರೆ ಅಕ್ಷರ ತೋರಿಸುವ, ಕೀಬೋರ್ಡ್ ಒತ್ತಿದ್ದನ್ನು ತೆಗೆದುಕೊಳ್ಳುವ ವಿಂಡೋ. ಫಾಂಟ್, ಬಣ್ಣ, ಟ್ಯಾಬ್, ಕಾಪಿ-ಪೇಸ್ಟ್ ಎಲ್ಲ ಅದರ ಪಾಲು. ಶೆಲ್ ಅಂದರೆ ಅದರೊಳಗೆ ಓಡುವ ಪ್ರೋಗ್ರಾಂ. ನೀವು ಟೈಪ್ ಮಾಡಿದ ಸಾಲನ್ನು ಓದಿ, ಅರ್ಥ ಮಾಡಿಕೊಂಡು, ಕೆಲಸ ಮಾಡಿಸುವುದು ಅದೇ. ಟರ್ಮಿನಲ್ ಟಿವಿ ಇದ್ದಹಾಗೆ, ಶೆಲ್ ಅದರಲ್ಲಿ ಬರುವ ಚಾನೆಲ್.

'ವಿಂಡೋಸ್ ಟರ್ಮಿನಲ್' ಅನ್ನುವುದು ಒಂದು ವಿಂಡೋ ಮಾತ್ರ. ಮೈಕ್ರೋಸಾಫ್ಟ್ ಅದನ್ನು 2019ರಲ್ಲಿ ಮೊದಲು ತೋರಿಸಿತು, 1.0 ಆವೃತ್ತಿ 2020ರ ಮೇ ತಿಂಗಳಲ್ಲಿ ಬಂತು. ಅದರಲ್ಲಿ ಒಂದು ಟ್ಯಾಬ್‌ನಲ್ಲಿ ಸಿಎಂಡಿ, ಇನ್ನೊಂದರಲ್ಲಿ ಪವರ್‌ಶೆಲ್, ಮತ್ತೊಂದರಲ್ಲಿ ಉಬುಂಟು ಅನ್ನುವ ಲಿನಕ್ಸ್ ತೆರೆದುಕೊಳ್ಳಬಹುದು. ಹಾಗಾಗಿ 'ವಿಂಡೋಸ್ ಟರ್ಮಿನಲ್ ಒಳ್ಳೆಯದಾ, ಪವರ್‌ಶೆಲ್ ಒಳ್ಳೆಯದಾ' ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಮ್ಯಾಕ್‌ನಲ್ಲಿ 'ಟರ್ಮಿನಲ್' ಅನ್ನುವ ಆಪ್ ವಿಂಡೋ, ಅದರೊಳಗಿನ ಝೆಡ್‌ಶೆಲ್ ಶೆಲ್.

ವಿಂಡೋವನ್ನು ಯಾವತ್ತು ಬೇಕಾದರೂ ಬದಲಾಯಿಸಬಹುದು, ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ. ಶೆಲ್ ಬದಲಾಯಿಸಿದರೆ ಕಲಿತ ಕಮಾಂಡ್ ಬದಲಾಗುತ್ತದೆ, ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ನಿಲ್ಲುತ್ತದೆ. ಯೋಚನೆ ಮಾಡಿ ಆರಿಸಬೇಕಾದದ್ದು ಶೆಲ್.

ತೆರೆಯುವುದು, ಗುರುತಿಸುವುದು

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಪವರ್‌ಶೆಲ್ ಬೇಕಾದರೆ ಅದೇ ಜಾಗದಲ್ಲಿ ಪವರ್‌ಶೆಲ್ ಅಂತ ಟೈಪ್ ಮಾಡಿ. ಇದಕ್ಕಿಂತ ಕೈಗೆ ಬರುವ ದಾರಿ ಇನ್ನೊಂದಿದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಬೇಕಾದ ಫೋಲ್ಡರ್ ತೆರೆದು, ಮೇಲಿನ ಅಡ್ರೆಸ್ ಬಾರ್‌ನಲ್ಲಿರುವುದನ್ನು ಅಳಿಸಿ ಸಿಎಂಡಿ ಅಂತ ಬರೆದು ಎಂಟರ್ ಒತ್ತಿ. ನೇರ ಆ ಫೋಲ್ಡರ್‌ನಲ್ಲೇ ತೆರೆದುಕೊಳ್ಳುತ್ತದೆ. ಹೊಸಬರು ಸಿಡಿ, ಸಿಡಿ ಅಂತ ಒಂದೊಂದೇ ಫೋಲ್ಡರ್ ದಾಟುತ್ತಾ ಕೂರುವ ಗೋಳು ತಪ್ಪುತ್ತದೆ. ವಿಂಡೋಸ್ 11ರಲ್ಲಿ ಫೋಲ್ಡರ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದರೂ 'ಓಪನ್ ಇನ್ ಟರ್ಮಿನಲ್' ಇರುತ್ತದೆ.

ಮ್ಯಾಕ್‌ನಲ್ಲಿ ಕಮಾಂಡ್ ಕೀ ಜೊತೆ ಸ್ಪೇಸ್ ಒತ್ತಿ ಟರ್ಮಿನಲ್ ಅಂತ ಹುಡುಕಿ. ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು.

ಅಡ್ಮಿನ್ ಆಗಿ ತೆರೆಯಬೇಕಾದರೆ ವಿಂಡೋಸ್ ಸರ್ಚ್‌ನಲ್ಲಿ ಹೆಸರು ಬಂದ ಮೇಲೆ ಕಂಟ್ರೋಲ್, ಶಿಫ್ಟ್, ಎಂಟರ್ ಒತ್ತಿ. ಆದರೆ ಇದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಸುಮ್ನೆ ಫೈಲ್ ಪಟ್ಟಿ ನೋಡೋಕೆ ಅಡ್ಮಿನ್ ಯಾಕೆ ಬೇಕು?

ಈಗ ಯಾವ ಶೆಲ್‌ನಲ್ಲಿದ್ದೀರಿ ಅನ್ನುವುದು ಕರ್ಸರ್ ಪಕ್ಕದಲ್ಲೇ ಬರೆದಿರುತ್ತದೆ. ಸಾಲು 'ಪಿಎಸ್' ಅಂತ ಶುರುವಾದರೆ ಪವರ್‌ಶೆಲ್. ಪಿಎಸ್ ಇಲ್ಲದೆ ಬರೀ ಸಿ ಡ್ರೈವ್‌ನ ದಾರಿ ಇದ್ದರೆ ಸಿಎಂಡಿ. ಕೊನೆಯಲ್ಲಿ ಡಾಲರ್ ಗುರುತು ಇದ್ದರೆ ಸಾಮಾನ್ಯವಾಗಿ ಬ್ಯಾಷ್, ಶೇಕಡಾ ಗುರುತು ಇದ್ದರೆ ಝೆಡ್‌ಶೆಲ್. ಹ್ಯಾಷ್ ಗುರುತು ಕಂಡರೆ ನೀವು ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿದ್ದೀರಿ ಅಂತ ಅರ್ಥ, ಅಲ್ಲಿ ಕೈ ಬಿಗಿ ಹಿಡಿದು ಟೈಪ್ ಮಾಡಿ. ಪಾಠಗಳಲ್ಲಿ ಕಮಾಂಡ್ ಮುಂದೆ ಕಾಣುವ ಡಾಲರ್ ಗುರುತು ಕೂಡ ಇದೇ. ಅದನ್ನು ಕಾಪಿ ಮಾಡಬಾರದು.

ಸಿಎಂಡಿ: ಹಳೆಯದು, ಆದರೆ ಸತ್ತಿಲ್ಲ

ಸಿಎಂಡಿ ನೋಡೋಕೆ 1981ರ ಡಾಸ್ ಥರ ಕಾಣುತ್ತದೆ. ಆದರೆ ವಿಂಡೋಸ್‌ಗೆ ಅದು ಬಂದದ್ದು 1993ರಲ್ಲಿ, ವಿಂಡೋಸ್ ಎನ್‌ಟಿ ಜೊತೆ. ಡಾಸ್‌ನ ಕಮಾಂಡ್‌ಗಳನ್ನು ಹಾಗೇ ಉಳಿಸಿಕೊಂಡಿತು. ಡಿಐಆರ್, ಕಾಪಿ, ರೆನ್, ಡೆಲ್ ಎಲ್ಲ ಇವತ್ತಿಗೂ ಅದೇ.

ಅದರ ದೊಡ್ಡ ಗುಣ ಅಂದರೆ ಯಾವ ವಿಂಡೋಸ್ ಕಂಪ್ಯೂಟರ್ ಮುಂದೆ ಕೂತರೂ ಇರುತ್ತದೆ, ಮತ್ತು ಒತ್ತಿದ ಕೂಡಲೇ ತೆರೆಯುತ್ತದೆ. ಬ್ಯಾಚ್ ಫೈಲ್ (ಸಿಎಂಡಿಯ ಸ್ಕ್ರಿಪ್ಟ್) ಬರೆದಿಟ್ಟರೆ ಡಬಲ್ ಕ್ಲಿಕ್‌ನಲ್ಲೇ ಓಡುತ್ತದೆ. ಪವರ್‌ಶೆಲ್ ಸ್ಕ್ರಿಪ್ಟ್ ಹಾಗಲ್ಲ, ಡಬಲ್ ಕ್ಲಿಕ್ ಮಾಡಿದರೆ ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಳ್ಳುತ್ತದೆ. ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರಿಗೆ 'ಇದನ್ನು ಒತ್ತಿ ಸಾಕು' ಅಂತ ಒಂದು ಫೈಲ್ ಕೊಡಬೇಕಾದರೆ ಬ್ಯಾಚ್ ಫೈಲೇ ಸಲೀಸು.

ಇಲ್ಲೊಂದು ತಪ್ಪು ಕಲ್ಪನೆ ಇದೆ. ಐಪಿಕಾನ್ಫಿಗ್, ಪಿಂಗ್, ಚೆಕ್‌ಡಿಸ್ಕ್ ಇವೆಲ್ಲ ಸಿಎಂಡಿಯ ಕಮಾಂಡ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಅವು ವಿಂಡೋಸ್‌ನಲ್ಲಿರುವ ಬೇರೆ ಬೇರೆ ಪ್ರೋಗ್ರಾಂಗಳು. ಪವರ್‌ಶೆಲ್‌ನಲ್ಲಿ ಟೈಪ್ ಮಾಡಿದರೂ ಹಾಗೇ ಓಡುತ್ತವೆ. ಈ ನಾಲ್ಕಾರು ಪ್ರೋಗ್ರಾಂಗಳಿಗೋಸ್ಕರ ಸಿಎಂಡಿ ಹಿಡಿದುಕೊಂಡು ಕೂರಬೇಕಿಲ್ಲ.

ಎಡವುವ ಜಾಗಗಳೂ ಇವೆ. ಸಿ ಡ್ರೈವ್‌ನಲ್ಲಿದ್ದು ಡಿ ಡ್ರೈವ್‌ನ ಫೋಲ್ಡರ್‌ಗೆ ಸಿಡಿ ಕೊಟ್ಟರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಸಿಡಿ ಪಕ್ಕದಲ್ಲಿ ಸ್ಲ್ಯಾಷ್ ಡಿ ಅಂತ ಸೇರಿಸಬೇಕು. ವಿಂಡೋ ಮುಚ್ಚಿದರೆ ಅವತ್ತು ಟೈಪ್ ಮಾಡಿದ್ದೆಲ್ಲ ಮರೆತುಹೋಗುತ್ತದೆ, ನಾಳೆ ಮೇಲಿನ ಬಾಣ ಒತ್ತಿದರೆ ಖಾಲಿ. ಬ್ಯಾಚ್ ಭಾಷೆಯಂತೂ ವಿಚಿತ್ರ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್‌ನಲ್ಲಿ ನೇರ ಟೈಪ್ ಮಾಡುವಾಗ ಒಂದು ಶೇಕಡಾ ಗುರುತು, ಅದನ್ನೇ ಫೈಲ್‌ನಲ್ಲಿ ಬರೆಯುವಾಗ ಎರಡು. ಇವತ್ತು ಹೊಸದಾಗಿ ಸ್ಕ್ರಿಪ್ಟ್ ಬರೆಯೋಕೆ ಕಲಿಯುವವರು ಇದರಲ್ಲಿ ಸಮಯ ಹಾಕಬೇಡಿ ಅನ್ನುತ್ತೇನೆ.

ಪವರ್‌ಶೆಲ್: ಎರಡಿವೆ, ಅದೇ ತೊಂದರೆ

ಪವರ್‌ಶೆಲ್ ಮೊದಲು ಬಂದದ್ದು 2006ರಲ್ಲಿ. ಈಗ ಅದು ಎರಡು ರೂಪದಲ್ಲಿದೆ. ವಿಂಡೋಸ್ ಜೊತೆಗೇ ಬರುವುದು 'ವಿಂಡೋಸ್ ಪವರ್‌ಶೆಲ್' 5.1. ನಾವೇ ಇನ್‌ಸ್ಟಾಲ್ ಮಾಡಿಕೊಳ್ಳಬೇಕಾದದ್ದು ಪವರ್‌ಶೆಲ್ 7. ಅದು 2020ರಲ್ಲಿ ಬಂತು, ಮ್ಯಾಕ್ ಮತ್ತು ಲಿನಕ್ಸ್‌ನಲ್ಲೂ ಓಡುತ್ತದೆ. ಎರಡೂ ಒಂದೇ ಕಂಪ್ಯೂಟರ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ಹಳೆಯದನ್ನು ಪವರ್‌ಶೆಲ್ ಅಂತ ಟೈಪ್ ಮಾಡಿ ತೆರೆಯಬೇಕು, ಹೊಸದನ್ನು ಪಿಡಬ್ಲ್ಯುಎಸ್‌ಎಚ್ ಅಂತ.

ವ್ಯತ್ಯಾಸ ಎಲ್ಲಿ ಕಚ್ಚುತ್ತದೆ ನೋಡಿ. ಪ್ರೋಗ್ರಾಮಿಂಗ್ ಪಾಠಗಳಲ್ಲಿ ಎರಡು ಕಮಾಂಡ್ ನಡುವೆ ಎರಡು ಆಂಪರ್‌ಸ್ಯಾಂಡ್ ಹಾಕಿರುತ್ತಾರೆ. ಮೊದಲನೆಯದು ಸರಿಯಾಗಿ ಮುಗಿದರೆ ಮಾತ್ರ ಎರಡನೆಯದನ್ನು ಮಾಡು ಅಂತ ಅದರ ಅರ್ಥ. ಇದು ಬ್ಯಾಷ್‌ನಲ್ಲಿ ನಡೆಯುತ್ತದೆ. ಮೂವತ್ತು ವರ್ಷ ಹಳೆಯ ಸಿಎಂಡಿಯಲ್ಲೂ ನಡೆಯುತ್ತದೆ. ಪವರ್‌ಶೆಲ್ 7ರಲ್ಲೂ ನಡೆಯುತ್ತದೆ. 5.1ರಲ್ಲಿ ಮಾತ್ರ ಕೆಂಪು ಅಕ್ಷರದ ಎರರ್. ಪಾಪ, ಕಲಿಯುವವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ಇನ್ನೊಂದು ಮೋಸ ಅಡ್ಡಹೆಸರುಗಳದ್ದು. ಲಿನಕ್ಸ್‌ನಿಂದ ಬಂದವರಿಗೆ ಅನುಕೂಲ ಆಗಲಿ ಅಂತ ಪವರ್‌ಶೆಲ್‌ನಲ್ಲಿ ಎಲ್‌ಎಸ್, ಕ್ಯಾಟ್, ಆರ್‌ಎಂ ಎಲ್ಲ ಇಟ್ಟಿದ್ದಾರೆ. ಎಲ್‌ಎಸ್ ಕೊಟ್ಟರೆ ಪಟ್ಟಿ ಬರುತ್ತದೆ. 'ಓ, ಇದೂ ಲಿನಕ್ಸ್ ಥರಾನೇ' ಅಂದುಕೊಂಡು ಲಿನಕ್ಸ್‌ನಲ್ಲಿ ಕೊಡುವ ಹಾಗೆ ಅದರ ನಂತರ ಹೈಫನ್, ಎಲ್, ಎ ಸೇರಿಸಿದರೆ ಎರರ್. ಹೆಸರು ಮಾತ್ರ ಒಂದೇ, ಒಳಗಿರುವುದು ಬೇರೆಯೇ ಕಮಾಂಡ್. ಸಿಎಂಡಿ ಅಭ್ಯಾಸದವರಿಗೂ ಇದೇ ಕಥೆ. ಡಿಐಆರ್ ಸ್ಲ್ಯಾಷ್ ಎಸ್ ಕೊಟ್ಟರೆ ಒಳಗಿನ ಫೋಲ್ಡರ್‌ಗಳನ್ನು ತೋರಿಸುವ ಬದಲು, ಸಿ ಡ್ರೈವ್‌ನಲ್ಲಿ 'ಎಸ್' ಅನ್ನುವ ಫೋಲ್ಡರ್ ಸಿಗಲಿಲ್ಲ ಅಂತ ದೂರುತ್ತದೆ. 5.1ರಲ್ಲಿ ಇಂಟರ್ನೆಟ್‌ನಿಂದ ಡೇಟಾ ತರುವ ಕರ್ಲ್ ಕೂಡ ಹೀಗೆಯೇ, ನಿಜವಾದ ಕರ್ಲ್ ಬದಲು ಪವರ್‌ಶೆಲ್‌ನದೇ ಇನ್ನೊಂದು ಕಮಾಂಡ್ ಓಡುತ್ತದೆ. 7ರಲ್ಲಿ ಆ ಅಡ್ಡಹೆಸರು ತೆಗೆದಿದ್ದಾರೆ.

ಇಷ್ಟೆಲ್ಲ ಹೇಳಿದರೂ ವಿಂಡೋಸ್ ಕಂಪ್ಯೂಟರನ್ನೇ ನೋಡಿಕೊಳ್ಳುವ ಕೆಲಸಕ್ಕೆ ನಾನು ಪವರ್‌ಶೆಲ್ ಕಡೆಗೇ. ಕಾರಣ, ಅದು ಕೊಡುವುದು ಬರೀ ಅಕ್ಷರದ ಸಾಲಲ್ಲ. ಗೆಟ್-ಪ್ರೋಸೆಸ್ ಅಂತ ಕೊಟ್ಟರೆ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಪಟ್ಟಿಯ ಒಂದೊಂದಕ್ಕೂ ಹೆಸರು, ನಂಬರ್, ತಿನ್ನುತ್ತಿರುವ ಮೆಮೊರಿ ಅಂತ ಬೇರೆ ಬೇರೆ ಖಾನೆ ಇರುತ್ತದೆ. ಜಾಸ್ತಿ ಮೆಮೊರಿ ತಿನ್ನುತ್ತಿರುವ ಐದನ್ನು ತೋರಿಸು ಅನ್ನಬೇಕಾದರೆ ಮೆಮೊರಿ ಖಾನೆಯ ಹೆಸರು ಹೇಳಿ ಸಾರ್ಟ್ ಮಾಡಿಸಿ, ಮೊದಲ ಐದು ಕೇಳಿದರೆ ಆಯಿತು. ಬ್ಯಾಷ್‌ನಲ್ಲಿ ಇದೇ ಕೆಲಸಕ್ಕೆ ಬಹಳ ಸಲ ಎಷ್ಟನೆಯ ಕಾಲಂ ಅಂತ ಎಣಿಸುತ್ತಾ ಕೂರಬೇಕು. ಬಂದ ಪಟ್ಟಿಯನ್ನು ಹಾಗೇ ಸಿಎಸ್‌ವಿ ಫೈಲ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಬಹುದು.

ಹೆಸರುಗಳು ಉದ್ದ, ನಿಜ. ಆದರೆ ಎಲ್ಲಕ್ಕೂ ಒಂದೇ ಕ್ರಮ. ಮೊದಲು ಏನು ಮಾಡಬೇಕು, ಹೈಫನ್, ಆಮೇಲೆ ಯಾವುದಕ್ಕೆ. ಗೆಟ್-ಸರ್ವಿಸ್ ಗೊತ್ತಿದ್ದರೆ ಸ್ಟಾಪ್-ಸರ್ವಿಸ್ ಇರಬಹುದು ಅಂತ ಊಹಿಸಬಹುದು, ಇದ್ದೇ ಇರುತ್ತದೆ. ಅರ್ಧ ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ತುಂಬುತ್ತದೆ.

ಸ್ಕ್ರಿಪ್ಟ್ ಓಡಿಸುವಾಗ ಒಂದು ತಡೆ ಎದುರಾಗುತ್ತದೆ. ಮನೆ, ಆಫೀಸ್ ಕಂಪ್ಯೂಟರ್‌ಗಳ ವಿಂಡೋಸ್‌ನಲ್ಲಿ 5.1 ಸ್ಕ್ರಿಪ್ಟ್‌ಗಳನ್ನು ಓಡಿಸದಂತೆ ಇಟ್ಟಿರುತ್ತಾರೆ. ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ ಕಮಾಂಡ್‌ನಲ್ಲಿ ರಿಮೋಟ್‌ಸೈನ್ಡ್ ಅಂತ ಕೊಟ್ಟು, ಸ್ಕೋಪ್ ಅನ್ನು ಕರೆಂಟ್‌ಯೂಸರ್ ಮಾಡಿದರೆ ನೀವು ಬರೆದ ಸ್ಕ್ರಿಪ್ಟ್ ಓಡುತ್ತದೆ. 'ಅನ್‌ರೆಸ್ಟ್ರಿಕ್ಟೆಡ್ ಮಾಡಿಬಿಡಿ, ತಲೆನೋವೇ ಇಲ್ಲ' ಅನ್ನುವ ಸಲಹೆ ಸಿಕ್ಕರೆ ಕಿವಿಗೆ ಹಾಕಿಕೊಳ್ಳಬೇಡಿ.

ಒಂದೇ ಕೆಲಸ, ಮೂರು ದಾರಿ

ಮಾತು ಸಾಕು, ಒಂದು ಕೆಲಸ ಮಾಡಿ ನೋಡೋಣ. ಒಂದು ಫೋಲ್ಡರ್‌ನಲ್ಲಿ ನೂರಾರು ಫೋಟೋ ಇವೆ. ಕೆಲವು ಹೆಸರುಗಳ ಕೊನೆಯಲ್ಲಿ ಡಾಟ್ ಜೆಪೆಗ್ ಅಂತಿದೆ. ಎಲ್ಲವನ್ನೂ ಡಾಟ್ ಜೆಪಿಜಿ ಮಾಡಬೇಕು.

ಸಿಎಂಡಿಯಲ್ಲಿ: ರೆನ್, ಸ್ಪೇಸ್, ನಕ್ಷತ್ರ ಡಾಟ್ ಜೆಪೆಗ್, ಸ್ಪೇಸ್, ನಕ್ಷತ್ರ ಡಾಟ್ ಜೆಪಿಜಿ. ಎಂಟರ್. ಮುಗೀತು. ಹಳೆಯದು ಅಂತ ನಗುವವರು ಇದನ್ನೊಂದು ನೋಡಬೇಕು.

ಪವರ್‌ಶೆಲ್‌ನಲ್ಲಿ ಮೊದಲು ಗೆಟ್-ಚೈಲ್ಡ್‌ಐಟಂ ಕೊಟ್ಟು ಜೆಪೆಗ್‌ಗಳ ಪಟ್ಟಿ ತರಬೇಕು. ಪೈಪ್ ಗುರುತು ಹಾಕಿ ರಿನೇಮ್-ಐಟಂಗೆ ಕಳಿಸಬೇಕು. ಹೊಸ ಹೆಸರು ಏನು ಅನ್ನುವುದನ್ನು ಮೀಸೆ ಬ್ರಾಕೆಟ್ ಒಳಗೆ ರಿಪ್ಲೇಸ್ ಬಳಸಿ ಬರೆಯಬೇಕು. ಉದ್ದ. ಆದರೆ ಕೊನೆಯಲ್ಲಿ ಹೈಫನ್ ವಾಟ್‌ಇಫ್ ಅಂತ ಸೇರಿಸಿದರೆ ಯಾವ ಫೈಲ್ ಯಾವ ಹೆಸರಾಗುತ್ತದೆ ಅಂತ ತೋರಿಸುತ್ತದೆ, ಒಂದನ್ನೂ ಮುಟ್ಟುವುದಿಲ್ಲ. ಸರಿ ಅನಿಸಿದರೆ ವಾಟ್‌ಇಫ್ ತೆಗೆದು ಮತ್ತೆ ಎಂಟರ್. ಈ ಒಂದು ಸೌಕರ್ಯಕ್ಕೆ ಆ ಉದ್ದವನ್ನು ಸಹಿಸಿಕೊಳ್ಳಬಹುದು.

ಬ್ಯಾಷ್‌ನಲ್ಲಿ ಸಿಎಂಡಿ ಥರ ಮಾಡೋಕೆ ಹೋದರೆ ಆಗುವುದಿಲ್ಲ. ಅಲ್ಲಿ ನಕ್ಷತ್ರವನ್ನು ಬಿಡಿಸುವುದು ಶೆಲ್. ಹೆಸರು ಬದಲಿಸುವ ಎಂವಿ ಕಮಾಂಡ್‌ಗೆ ನಕ್ಷತ್ರ ತಲುಪುವುದೇ ಇಲ್ಲ, ನೂರಾರು ಹೆಸರಿನ ಉದ್ದ ಪಟ್ಟಿ ತಲುಪುತ್ತದೆ. ಹಾಗಾಗಿ ಫಾರ್ ಲೂಪ್ ಬರೆದು ಒಂದೊಂದಕ್ಕೇ ಎಂವಿ ಕೊಡಬೇಕು. ಫೈಲ್ ಹೆಸರಿನ ವೇರಿಯಬಲ್ ಸುತ್ತ ಡಬಲ್ ಕೋಟ್ ಹಾಕಲೇಬೇಕು. ಹಾಕದಿದ್ದರೆ ಹೆಸರಿನಲ್ಲಿ ಸ್ಪೇಸ್ ಇರುವ ಮೊದಲ ಫೋಟೋದಲ್ಲೇ ಮುಗ್ಗರಿಸುತ್ತದೆ.

ಈಗ ಕೆಲಸ ಬದಲಾಯಿಸಿ. ಡಿಸ್ಕ್ ತುಂಬಿದೆ, ಒಳಗಿನ ಫೋಲ್ಡರ್‌ಗಳೂ ಸೇರಿ ಅತಿ ದೊಡ್ಡ ಹತ್ತು ಫೈಲ್ ಬೇಕು. ಇಲ್ಲಿ ಸಿಎಂಡಿ ಕೈ ಎತ್ತುತ್ತದೆ. ಡಿಐಆರ್‌ಗೆ ಗಾತ್ರದ ಪ್ರಕಾರ ಜೋಡಿಸು ಅನ್ನಬಹುದು, ಆದರೆ ಅದು ಪ್ರತಿ ಫೋಲ್ಡರನ್ನೂ ಬೇರೆ ಬೇರೆ ಜೋಡಿಸುತ್ತದೆ. ಪವರ್‌ಶೆಲ್‌ನಲ್ಲಿ ಮೂರು ತುಂಡು: ಒಳಗಿನದೆಲ್ಲ ಸೇರಿಸಿ ಫೈಲ್ ತಾ, ಲೆಂಗ್ತ್ ಪ್ರಕಾರ ಇಳಿಕೆಯಲ್ಲಿ ಜೋಡಿಸು, ಮೊದಲ ಹತ್ತು ಕೊಡು. ಬ್ಯಾಷ್‌ನಲ್ಲಿ ಡಿಯು (ಗಾತ್ರ ಹೇಳುವುದು), ಸಾರ್ಟ್ (ಜೋಡಿಸುವುದು), ಹೆಡ್ (ಮೊದಲ ಸಾಲುಗಳನ್ನು ಕೊಡುವುದು) ಮೂರನ್ನು ಪೈಪ್‌ನಿಂದ ಸೇರಿಸಿದರೆ ಪವರ್‌ಶೆಲ್‌ನ ಅರ್ಧದಷ್ಟು ಟೈಪಿಂಗ್‌ನಲ್ಲಿ ಉತ್ತರ. ಗಾತ್ರವನ್ನು ಎಂಬಿ, ಜಿಬಿ ಲೆಕ್ಕದಲ್ಲಿ ಬರೆಸಿದ್ದರೆ ಸಾರ್ಟ್‌ಗೆ ಎಚ್ ಅನ್ನುವ ಆಯ್ಕೆ ಕೊಡಬೇಕು, ಇಲ್ಲದಿದ್ದರೆ 2 ಜಿಬಿಗಿಂತ 900 ಎಂಬಿ ದೊಡ್ಡದು ಅಂದುಬಿಡುತ್ತದೆ. ಅದಕ್ಕೆ ಕಾಣುವುದು ಬರೀ ಅಕ್ಷರ ಅಲ್ವಾ! ಡಿಯು ಫೋಲ್ಡರ್‌ಗಳ ಒಟ್ಟು ಗಾತ್ರವನ್ನೂ ಪಟ್ಟಿಗೆ ಸೇರಿಸುತ್ತದೆ ಅನ್ನುವುದೂ ನೆನಪಿರಲಿ.

ವಿಂಡೋಸ್‌ನಲ್ಲಿ ಬ್ಯಾಷ್ ಬೇಕಾದರೆ

ವೆಬ್ ಡೆವಲಪ್‌ಮೆಂಟ್, ಸರ್ವರ್, ಡೇಟಾ ಕೆಲಸ, ಇವುಗಳ ಪಾಠಗಳಲ್ಲಿ ಬಹುಪಾಲನ್ನು ನಿಮ್ಮ ಹತ್ತಿರ ಬ್ಯಾಷ್ ಇದೆ ಅಂದುಕೊಂಡೇ ಬರೆದಿರುತ್ತಾರೆ. ವಿಂಡೋಸ್ ಬಿಡದೆ ಅದನ್ನು ಪಡೆಯೋಕೆ ಎರಡು ದಾರಿ ಇವೆ. ಗಿಟ್ ಬ್ಯಾಷ್, ಇಲ್ಲವೇ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್.

ಗಿಟ್ ಬ್ಯಾಷ್ ಚಿಕ್ಕದು. ಗಿಟ್ ಇನ್‌ಸ್ಟಾಲ್ ಮಾಡಿದಾಗ ಜೊತೆಗೇ ಬರುತ್ತದೆ. ಎಲ್‌ಎಸ್, ಗ್ರೆಪ್, ಎಸ್‌ಎಸ್‌ಎಚ್ ಎಲ್ಲ ಇದೆ. ಇನ್‌ಸ್ಟಾಲ್ ಮಾಡದೇ ಬಳಸುವ ಪೋರ್ಟಬಲ್ ಆವೃತ್ತಿಯೂ ಸಿಗುತ್ತದೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅಡ್ಮಿನ್ ಅನುಮತಿ ಇಲ್ಲದವರಿಗೆ ಇದು ದೊಡ್ಡ ಉಪಕಾರ. ಆದರೆ ಇದು ಲಿನಕ್ಸ್ ಅಲ್ಲ. ಉಬುಂಟುವಿನಲ್ಲಿ ಪ್ರೋಗ್ರಾಂ ಇನ್‌ಸ್ಟಾಲ್ ಮಾಡುವ ಎಪಿಟಿ ಕೊಟ್ಟು ಏನನ್ನೂ ಹಾಕಿಕೊಳ್ಳೋಕೆ ಆಗುವುದಿಲ್ಲ, ಓಡುವುದೆಲ್ಲ ವಿಂಡೋಸ್ ಪ್ರೋಗ್ರಾಂಗಳೇ. ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಡಾಕರ್ ಬಳಸುವವರು ಒಂದು ಕಡೆ ತಲೆ ಕೆರೆದುಕೊಳ್ಳುತ್ತಾರೆ. ಕಂಟೇನರ್ ಒಳಗಿನ ದಾರಿ ಅಂತ ಸ್ಲ್ಯಾಷ್‌ನಿಂದ ಶುರು ಮಾಡಿ 'ಆಪ್' ಅಂತ ಕೊಟ್ಟರೆ, ಗಿಟ್ ಬ್ಯಾಷ್ ಅದನ್ನು ವಿಂಡೋಸ್ ದಾರಿ ಅಂತ ತಿಳಿದು ಪ್ರೋಗ್ರಾಂ ಫೈಲ್ಸ್ ಒಳಗಿನ ಗಿಟ್ ಫೋಲ್ಡರ್‌ಗೆ ಜೋಡಿಸಿ ಕಳಿಸುತ್ತದೆ. ಶುರುವಿಗೆ ಒಂದರ ಬದಲು ಎರಡು ಸ್ಲ್ಯಾಷ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಡಬ್ಲ್ಯುಎಸ್‌ಎಲ್ ನಿಜವಾದ ಲಿನಕ್ಸ್. 2016ರಲ್ಲಿ ವಿಂಡೋಸ್ 10ಕ್ಕೆ ಬಂತು. 2020ರಲ್ಲಿ ಬಂದ ಎರಡನೆಯ ಆವೃತ್ತಿ ಹಗುರವಾದ ವರ್ಚುವಲ್ ಮೆಷಿನ್ ಒಳಗೆ ಲಿನಕ್ಸ್ ಕರ್ನಲನ್ನೇ ಓಡಿಸುತ್ತದೆ. ಹಾಕಿಕೊಳ್ಳುವುದು ಸುಲಭ. ಅಡ್ಮಿನ್ ಪವರ್‌ಶೆಲ್‌ನಲ್ಲಿ ಡಬ್ಲ್ಯುಎಸ್‌ಎಲ್, ಸ್ಪೇಸ್, ಎರಡು ಹೈಫನ್, ಇನ್‌ಸ್ಟಾಲ್. ಆಮೇಲೆ ರೀಸ್ಟಾರ್ಟ್. ಬೇರೇನೂ ಹೇಳದಿದ್ದರೆ ಉಬುಂಟು ಬರುತ್ತದೆ. ಹೊಸ ಯೂಸರ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಏನೂ ಕಾಣುವುದಿಲ್ಲ, ಚುಕ್ಕಿ ಕೂಡ ಇಲ್ಲ. ಕೀಬೋರ್ಡ್ ಕೆಟ್ಟಿಲ್ಲ. ಟೈಪ್ ಮಾಡಿ ಎಂಟರ್ ಒತ್ತಿ.

ಇದಕ್ಕೆ ಕಂಪ್ಯೂಟರ್‌ನಲ್ಲಿ ವರ್ಚುವಲೈಸೇಷನ್ ಆನ್ ಆಗಿರಬೇಕು, ಕೆಲವು ಮೆಷಿನ್‌ಗಳಲ್ಲಿ ಬಯಾಸ್‌ಗೆ ಹೋಗಿ ಆನ್ ಮಾಡಬೇಕಾಗುತ್ತದೆ. ಮೆಮೊರಿಯೂ ಬೇಕು. ಮಿತಿ ಹಾಕದಿದ್ದರೆ ರಾಮ್‌ನ ಅರ್ಧದವರೆಗೆ ಬಳಸಿಕೊಳ್ಳಬಹುದು. 4 ಜಿಬಿ ರಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಜೊತೆ ಇದನ್ನೂ ಓಡಿಸೋಕೆ ಹೋದರೆ ಎರಡೂ ತೆವಳುತ್ತವೆ. ಅಂಥವರಿಗೆ ಗಿಟ್ ಬ್ಯಾಷ್ ಸಾಕು.

ಡಬ್ಲ್ಯುಎಸ್‌ಎಲ್ ನಿಧಾನ ಅಂತ ಬೈಯುವವರು ಮೊದಲು ಫೈಲ್ ಎಲ್ಲಿಟ್ಟಿದ್ದೀರಿ ನೋಡಿ. ವಿಂಡೋಸ್‌ನ ಸಿ ಡ್ರೈವ್ ಲಿನಕ್ಸ್ ಒಳಗೂ ಕಾಣುತ್ತದೆ. ಪ್ರಾಜೆಕ್ಟನ್ನು ಅಲ್ಲೇ ಬಿಟ್ಟು ಲಿನಕ್ಸ್‌ನಿಂದ ಓಡಿಸಿದರೆ ಪ್ರತಿ ಫೈಲೂ ಎರಡು ವ್ಯವಸ್ಥೆಗಳ ಗಡಿ ದಾಟಿ ಬರಬೇಕು. ಸಾವಿರಾರು ಸಣ್ಣ ಫೈಲ್ ಇರುವ ನೋಡ್ ಪ್ರಾಜೆಕ್ಟ್‌ಗಳಲ್ಲಿ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಹಾಕಿ, ದೂರು ನಿಲ್ಲುತ್ತದೆ. ಅಲ್ಲಿಂದ ವಿಂಡೋಸ್ ಫೈಲ್ ಎಕ್ಸ್‌ಪ್ಲೋರರ್ ಬೇಕಾದರೆ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ, ಸ್ಪೇಸ್, ಒಂದು ಚುಕ್ಕಿ ಟೈಪ್ ಮಾಡಿ.

ಮ್ಯಾಕ್ ಮತ್ತು ಲಿನಕ್ಸ್

ಇಲ್ಲಿ ಆಯ್ಕೆ ಕಷ್ಟವಿಲ್ಲ. ಬಂದದ್ದನ್ನೇ ಬಳಸಿ.

ಲಿನಕ್ಸ್‌ನಲ್ಲಿ ಹೆಚ್ಚಾಗಿ ಬ್ಯಾಷ್ ಬರುತ್ತದೆ, 1989ರಿಂದ ಇದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಝೆಡ್‌ಶೆಲ್. ಮ್ಯಾಕ್‌ನಲ್ಲಿ ಬ್ಯಾಷ್ ಕೂಡ ಉಳಿದಿದೆ, ಆದರೆ 3.2 ಆವೃತ್ತಿ, ತುಂಬಾ ಹಳೆಯದು. ಬ್ಯಾಷ್‌ನ ಲೈಸೆನ್ಸ್ ಬದಲಾದ ಮೇಲೆ ಆಪಲ್ ಹೊಸದನ್ನು ಕೊಡಲೇ ಇಲ್ಲ. ದಿನನಿತ್ಯದ ಕಮಾಂಡ್‌ಗಳಲ್ಲಿ ಎರಡಕ್ಕೂ ಏನೂ ಫರಕು ಕಾಣುವುದಿಲ್ಲ.

ಫರಕು ಕಾಣುವ ಒಂದೆರಡು ಜಾಗ ಹೇಳುತ್ತೇನೆ. ಪೈಥಾನ್ ಪ್ಯಾಕೇಜ್ ಹಾಕುವಾಗ ಹೆಸರಿನ ಜೊತೆ ಚೌಕ ಬ್ರಾಕೆಟ್ ಇದ್ದರೆ ಬ್ಯಾಷ್ ಸಾಮಾನ್ಯವಾಗಿ ಹಾಗೇ ಬಿಡುತ್ತದೆ. ಝೆಡ್‌ಶೆಲ್ ಅದನ್ನು ಫೈಲ್ ಹುಡುಕುವ ಗುರುತು ಅಂದುಕೊಂಡು 'ನೋ ಮ್ಯಾಚಸ್ ಫೌಂಡ್' ಅನ್ನುತ್ತದೆ. ಹೆಸರಿಗೆ ಕೋಟ್ ಹಾಕಿ. ಇನ್ನೊಂದು, ಕಮಾಂಡ್ ಜೊತೆ ಹ್ಯಾಷ್‌ನಿಂದ ಶುರುವಾಗುವ ವಿವರಣೆಯ ಸಾಲನ್ನೂ ಪೇಸ್ಟ್ ಮಾಡಿದರೆ ಝೆಡ್‌ಶೆಲ್ ಅದನ್ನೂ ಕಮಾಂಡ್ ಅಂದುಕೊಂಡು ಎರರ್ ಕೊಡುತ್ತದೆ. ಸೆಡ್ (ಫೈಲ್‌ನ ಅಕ್ಷರಗಳನ್ನು ಬದಲಿಸುವ ಪ್ರೋಗ್ರಾಂ) ಥರದ ಉಪಕರಣಗಳ ವ್ಯತ್ಯಾಸ ಮಾತ್ರ ಶೆಲ್‌ನದ್ದಲ್ಲ. ಮ್ಯಾಕ್‌ನಲ್ಲಿರುವುದು ಬಿಎಸ್‌ಡಿ ಕಡೆಯದು, ಲಿನಕ್ಸ್‌ನಲ್ಲಿರುವುದು ಗ್ನೂ ಕಡೆಯದು. ಹಾಗಾಗಿ ಮ್ಯಾಕ್‌ನಲ್ಲಿ ಬ್ಯಾಷ್‌ಗೆ ಬದಲಾದರೂ ಅದು ಸರಿಹೋಗುವುದಿಲ್ಲ.

ಫಿಶ್ ಅನ್ನುವ ಶೆಲ್ ಕೂಡ ಇದೆ, 2005ರದ್ದು. ಟೈಪ್ ಮಾಡುತ್ತಿದ್ದಂತೆ ಹಿಂದಿನ ಕಮಾಂಡನ್ನು ಮಸುಕಾಗಿ ತೋರಿಸುತ್ತದೆ, ತಪ್ಪು ಹೆಸರನ್ನು ಕೆಂಪು ಮಾಡುತ್ತದೆ. ಬಳಸೋಕೆ ಖುಷಿ. ಆದರೆ ಬ್ಯಾಷ್‌ನ ಬರವಣಿಗೆ ಎಲ್ಲ ಅದರಲ್ಲಿ ನಡೆಯುವುದಿಲ್ಲ. ಬ್ಯಾಷ್ ಕೈಗೆ ಹತ್ತಿದ ಮೇಲೆ ನೋಡಿ.

ವಿಂಡೋ ಯಾವುದು?

ವಿಂಡೋಸ್‌ನಲ್ಲಿ ವಿಂಡೋಸ್ ಟರ್ಮಿನಲ್, ಮಾತೇ ಇಲ್ಲ. ವಿಂಡೋಸ್ 10 ಇದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿಕೊಳ್ಳಿ. ನಮ್ಮವರಿಗೆ ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಹಳೆಯ ಕನ್ಸೋಲ್ ವಿಂಡೋದಲ್ಲಿ ಬರೀ ಚೌಕಗಳಾಗಿ ಕಾಣುತ್ತವೆ. ಹೊಸದರಲ್ಲಿ ಅಕ್ಷರ ಬರುತ್ತದೆ, ಒತ್ತಕ್ಷರಗಳು ಕೆಲವೊಮ್ಮೆ ಜಾಗ ತಪ್ಪಿ ಕೂರುತ್ತವೆ ಅಷ್ಟೆ. ಫೈಲ್‌ಗೆ ಏನೂ ಆಗಿರುವುದಿಲ್ಲ, ತೊಂದರೆ ತೋರಿಸುವುದರಲ್ಲಿ ಮಾತ್ರ. ಹೆಸರಿನ ಮೊದಲ ಅಕ್ಷರ ಕೊಟ್ಟು ಟ್ಯಾಬ್ ಒತ್ತಿ ತುಂಬಿಸಿಕೊಂಡರೆ ಕೆಲಸ ನಡೆಯುತ್ತದೆ.

ಕೋಡ್ ಬರೆಯುವವರಿಗೆ ವಿಎಸ್ ಕೋಡ್ ಒಳಗಿನ ಟರ್ಮಿನಲ್ ಸಾಕಾಗುತ್ತದೆ, ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ತೆರೆದುಕೊಳ್ಳುತ್ತದೆ. ಮ್ಯಾಕ್‌ನ ಟರ್ಮಿನಲ್ ಆಪ್‌ಗೂ ಏನೂ ಕೊರತೆ ಇಲ್ಲ.

ಎಲ್ಲ ಕಡೆ ಗಮನಿಸಬೇಕಾದದ್ದು ಕಾಪಿ ಮಾಡುವ ಕೀ. ಕಂಟ್ರೋಲ್ ಸಿ ಅಂದರೆ ಓಡುತ್ತಿರುವುದನ್ನು ನಿಲ್ಲಿಸು ಅಂತ. ಲಿನಕ್ಸ್ ಟರ್ಮಿನಲ್‌ಗಳಲ್ಲಿ ಕಾಪಿಗೆ ಶಿಫ್ಟ್ ಕೂಡ ಸೇರಿಸಬೇಕು. ವಿಂಡೋಸ್ ಟರ್ಮಿನಲ್‌ನಲ್ಲಿ ಅಕ್ಷರ ಸೆಲೆಕ್ಟ್ ಆಗಿದ್ದರೆ ಕಾಪಿ, ಇಲ್ಲದಿದ್ದರೆ ನಿಲ್ಲಿಸುವುದು. ಮ್ಯಾಕ್‌ನಲ್ಲಿ ಕಾಪಿಗೆ ಕಮಾಂಡ್ ಕೀ ಇರುವುದರಿಂದ ಈ ಗೊಂದಲವೇ ಇಲ್ಲ.

ಹಾಗಾದರೆ ನಿಮಗೆ ಯಾವುದು?

ನೆಟ್‌ವರ್ಕ್ ಸರಿ ಇದೆಯಾ ನೋಡೋಕೆ, ಪ್ರಿಂಟರ್ ಸರಿ ಮಾಡೋಕೆ ಅಂತ ಅಪರೂಪಕ್ಕೆ ಒಂದು ಕಮಾಂಡ್ ಕೊಡುವವರಾದರೆ ಸಿಎಂಡಿ ಸಾಕು, ಏನನ್ನೂ ಕಲಿಯಬೇಕಿಲ್ಲ. ಆಫೀಸಿನ ಹತ್ತಾರು ವಿಂಡೋಸ್ ಕಂಪ್ಯೂಟರ್ ನೋಡಿಕೊಳ್ಳುವವರು, ಅಥವಾ ವಿಂಡೋಸ್‌ನಲ್ಲೇ ದಿನಾ ಮಾಡುವ ಕೆಲಸವನ್ನು ಸ್ಕ್ರಿಪ್ಟ್ ಮಾಡಬೇಕು ಅನ್ನುವವರು ಪವರ್‌ಶೆಲ್ 7 ಹಾಕಿಕೊಳ್ಳಿ. 5.1 ಕೂಡ ಹೇಗೂ ಇರುತ್ತದೆ, ಇರಲಿ. ಬೇರೆಯವರ ಮೆಷಿನ್‌ನಲ್ಲಿ ಓಡಬೇಕಾದ ಸ್ಕ್ರಿಪ್ಟ್ ಆದರೆ 5.1ರಲ್ಲಿ ಒಮ್ಮೆ ಓಡಿಸಿ ನೋಡಿ.

ಪ್ರೋಗ್ರಾಮಿಂಗ್ ಕಲಿಯುತ್ತಿರುವವರು, ಮುಂದೆ ಸರ್ವರ್ ಮುಟ್ಟುವವರು ಡಬ್ಲ್ಯುಎಸ್‌ಎಲ್‌ಗೆ ಹೋಗಿ. ಅಲ್ಲಿ ಕಲಿತ ಬ್ಯಾಷ್ ಬಾಡಿಗೆ ಸರ್ವರ್‌ನಲ್ಲೂ ನಡೆಯುತ್ತದೆ, ಹೆಚ್ಚುಕಡಿಮೆ ಮ್ಯಾಕ್‌ನಲ್ಲೂ ನಡೆಯುತ್ತದೆ. ಮೆಷಿನ್ ಹಳೆಯದು, ಅಥವಾ ಗಿಟ್ ಕೆಲಸ ಮಾತ್ರ ಅನ್ನುವುದಾದರೆ ಗಿಟ್ ಬ್ಯಾಷ್. ಡಾಟ್‌ನೆಟ್ ಕೆಲಸದವರು ಪವರ್‌ಶೆಲ್‌ನಲ್ಲೇ ಇದ್ದರೂ ನಷ್ಟವಿಲ್ಲ, ಅವರ ಪಾಠಗಳೇ ಹಾಗಿರುತ್ತವೆ.

ಯಾವುದನ್ನು ಆರಿಸಿದರೂ ಡಿಲೀಟ್ ಕಮಾಂಡ್ ಕೊಡುವಾಗ ಎಚ್ಚರ. ಡೆಲ್ ಆಗಲಿ, ರಿಮೂವ್-ಐಟಂ ಆಗಲಿ, ಆರ್‌ಎಂ ಆಗಲಿ, ಅಳಿಸಿದ ಫೈಲ್ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ನೇರ ಹೋಯಿತು ಅಂತಲೇ. ಬ್ಯಾಷ್‌ನ ಆರ್‌ಎಂಗೆ ವಾಟ್‌ಇಫ್ ಕೂಡ ಇಲ್ಲ. ಆರ್‌ಎಂ ಬರೆಯುವ ಮೊದಲು ಅದೇ ಜಾಗದಲ್ಲಿ ಎಲ್‌ಎಸ್ ಬರೆದು, ನಕ್ಷತ್ರಕ್ಕೆ ಯಾವ ಯಾವ ಫೈಲ್ ಸಿಗುತ್ತದೆ ನೋಡಿ. ಪಟ್ಟಿ ಸರಿ ಇದ್ದರೆ ಮೇಲಿನ ಬಾಣ ಒತ್ತಿ ಎಲ್‌ಎಸ್ ಇದ್ದಲ್ಲಿ ಆರ್‌ಎಂ ಮಾಡಿ.

ಕಮಾಂಡ್ ಏನು ಮಾಡುತ್ತದೆ ಅಂತ ಆ ಶೆಲ್‌ನಲ್ಲೇ ಕೇಳಬಹುದು. ಸಿಎಂಡಿಯಲ್ಲಿ ಕಮಾಂಡ್ ಆದ ಮೇಲೆ ಸ್ಲ್ಯಾಷ್ ಮತ್ತು ಪ್ರಶ್ನೆ ಗುರುತು. ಪವರ್‌ಶೆಲ್‌ನಲ್ಲಿ ಗೆಟ್-ಹೆಲ್ಪ್, ಅದಕ್ಕೆ ಎಕ್ಸಾಂಪಲ್ಸ್ ಅಂತ ಸೇರಿಸಿದರೆ ಉದಾಹರಣೆಗಳೇ ಬರುತ್ತವೆ. ಮ್ಯಾಕ್, ಲಿನಕ್ಸ್‌ನಲ್ಲಿ ಮ್ಯಾನ್. ಮ್ಯಾನ್‌ನಿಂದ ಹೊರಗೆ ಬರೋಕೆ ಕ್ಯೂ ಒತ್ತಬೇಕು, ಇದು ಗೊತ್ತಿಲ್ಲದೆ ವಿಂಡೋವನ್ನೇ ಮುಚ್ಚುವವರಿದ್ದಾರೆ.

ಒಂದು ಶೆಲ್ ಒಳಗಿಂದ ಇನ್ನೊಂದಕ್ಕೆ ಹೋಗೋಕೆ ಹೊಸ ವಿಂಡೋ ಕೂಡ ಬೇಡ. ಪವರ್‌ಶೆಲ್‌ನಲ್ಲಿದ್ದಾಗ ಫೈಲ್, ಫೋಲ್ಡರ್‌ಗೆ ಲಿಂಕ್ ಮಾಡುವ, ಸಿಎಂಡಿಯದೇ ಎಂಕೆಲಿಂಕ್ ಬೇಕಾಯಿತು ಅನ್ನಿ. ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಸಾಲಿನ ಮುಂದಿನ ಪಿಎಸ್ ಮಾಯವಾಗುತ್ತದೆ. ಕೆಲಸ ಮುಗಿಸಿ ಎಕ್ಸಿಟ್ ಕೊಟ್ಟರೆ ಮತ್ತೆ ಪವರ್‌ಶೆಲ್. ಡಬ್ಲ್ಯುಎಸ್‌ಎಲ್ ಅಂತ ಟೈಪ್ ಮಾಡಿದರೆ ಅದೇ ಫೋಲ್ಡರ್‌ನಲ್ಲಿ ಲಿನಕ್ಸ್ ತೆರೆಯುತ್ತದೆ, ಅಲ್ಲೂ ಎಕ್ಸಿಟ್ ಕೊಟ್ಟರೆ ಹೊರಗೆ.